ಉಪ್ಪಿನ ರುಚಿ ಕಂಡ ಹುಡುಗಿಯರು: ಜೋಂಬಿ ಕಥನ ಮತ್ತು ಹದಿಹರೆಯದ ನಾಯಕಿ



ಹೆಣಗಳು ಎದ್ದು ಬಂದು ಬದುಕಿದ್ದವರನ್ನು ಕಚ್ಚುವ ಕಥೆಗಳಲ್ಲಿ ಸಾಹಿತ್ಯದ ವಿದ್ಯಾರ್ಥಿಗೆ ಸಿಗುವುದೇನು ಎಂದು ಈ ಉಪನ್ಯಾಸದ ಆಹ್ವಾನ ಪತ್ರಿಕೆ ನೋಡಿದವರಲ್ಲಿ ಕೆಲವರಾದರೂ ಯೋಚಿಸಿರುತ್ತೀರಿ. ನ್ಯಾಯವಾದ ಪ್ರಶ್ನೆ. ಇಂದು ನಾನು ಹೇಳಬೇಕೆಂದಿರುವುದು ಒಂದೇ ಮಾತು. ನಮ್ಮ ಮೈ ಇನ್ನೊಬ್ಬರ ಇಚ್ಛೆಯಂತೆ ದುಡಿಯುವ ಯಂತ್ರವಾಗಿಬಿಟ್ಟರೆ ಎಂಬ ಭಯದಿಂದ ಜೋಂಬಿ ಹುಟ್ಟಿತು. ನಡುವೆ ಹಲವು ದಶಕ ಸಿನಿಮಾದವರು ಆ ಭಯವನ್ನು ಮರೆತು, ಕಚ್ಚುವ ಹಲ್ಲುಗಳನ್ನಷ್ಟೇ ಉಳಿಸಿಕೊಂಡರು. ಮರೆತದ್ದನ್ನು ಮತ್ತೆ ಕಥೆಯ ನಡುಮನೆಗೆ ತಂದವರು ಹದಿನಾಲ್ಕು, ಹದಿನಾರು, ಹದಿನೇಳರ ಹುಡುಗಿಯರು. ಅವರ ಶಕ್ತಿ ಎಲ್ಲಿದೆ ಎಂಬುದನ್ನು ತಿಳಿಯಬೇಕಾದರೆ ಮೊದಲು ಕಬ್ಬಿನ ಗದ್ದೆಗೆ ಹೋಗಬೇಕು.

ಇಂದಿನ ಹೈಟಿ ಹದಿನೆಂಟನೆಯ ಶತಮಾನದಲ್ಲಿ ಫ್ರೆಂಚರ ವಸಾಹತು. ಆಗ ಅದರ ಹೆಸರು ಸಾಂ ದೊಮಾಂಗ್. 1789ರ ಹೊತ್ತಿಗೆ ಅಲ್ಲಿ ಸುಮಾರು ಐದು ಲಕ್ಷ ಗುಲಾಮರಿದ್ದರು. ಯುರೋಪಿನ ಚಹಾ, ಕಾಫಿಗಳಿಗೆ ಬೀಳುತ್ತಿದ್ದ ಸಕ್ಕರೆಯ ದೊಡ್ಡ ಪಾಲು ಅವರ ಬೆವರಿನದು. ಆಫ್ರಿಕಾದಿಂದ ಹಿಡಿದು ತಂದ ಆ ಜನಕ್ಕೆ ಒಂದು ನಂಬಿಕೆಯಿತ್ತು: ಸತ್ತ ಮೇಲೆ ಆತ್ಮ ಕಡಲು ದಾಟಿ ಗಿನಿಯ ತವರಿಗೆ ಮರಳುತ್ತದೆ. ಬದುಕಿನಲ್ಲಿ ಸಿಗದ ಬಿಡುಗಡೆ ಸಾವಿನಲ್ಲಾದರೂ ಸಿಗುತ್ತದೆ. ಆ ದಾರಿಯೂ ಮುಚ್ಚಿಹೋಗುವುದಕ್ಕೆ ಇಟ್ಟ ಹೆಸರೇ ಜೋಂಬಿ. ಸತ್ತರೂ ಧಣಿ ಬಿಡುವುದಿಲ್ಲ, ಗೋರಿಯಿಂದ ಎಬ್ಬಿಸಿ ಮತ್ತೆ ಗದ್ದೆಗೆ ಇಳಿಸುತ್ತಾನೆ. ನಿಜವಾದ ಹೈಟಿಯ ಜೋಂಬಿ ಯಾರನ್ನೂ ಕಚ್ಚುವುದಿಲ್ಲ. ಅದು ಬರೀ ದುಡಿಯುತ್ತದೆ. ಭಯಪಡಬೇಕಾದದ್ದು ಜೋಂಬಿಗಲ್ಲ, ಜೋಂಬಿ ಆಗಿಬಿಡುವುದಕ್ಕೆ.

1791ರಲ್ಲಿ ಆ ಗುಲಾಮರು ದಂಗೆಯೆದ್ದರು, 1804ರ ಜನವರಿ 1ರಂದು ಹೈಟಿ ಸ್ವತಂತ್ರವಾಯಿತು. 1915ರಲ್ಲಿ ಅಮೆರಿಕದ ನೌಕಾಪಡೆ ಅಲ್ಲಿಗೆ ಇಳಿದು 1934ರವರೆಗೆ ಆಳಿತು. ರಸ್ತೆ ಹಾಕಲು ರೈತರನ್ನು ಬಿಟ್ಟಿ ದುಡಿಮೆಗೆ ಎಳೆದೊಯ್ದರು. ಹಳೆಯ ಭಯ ಮತ್ತೆ ಎದ್ದು ಕೂತ ಕಾಲ ಅದು. ಆಗಲೇ, 1929ರಲ್ಲಿ, ವಿಲಿಯಂ ಸೀಬ್ರೂಕ್ ಎಂಬ ಅಮೆರಿಕನ್ ಪ್ರವಾಸಿ 'ದಿ ಮ್ಯಾಜಿಕ್ ಐಲ್ಯಾಂಡ್' ಎಂಬ ಪುಸ್ತಕ ಬರೆದ. ಬಿಳಿಯನ ದರ್ಪ ಆ ಪುಸ್ತಕದ ಉದ್ದಕ್ಕೂ ಇದೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು. ಆದರೂ ಅವನು ಕೇಳಿ ಬರೆದುಕೊಂಡ ಒಂದು ಕಥೆ ನನಗೆ ಬಹಳ ಮುಖ್ಯ. ಜೋಸೆಫ್ ಎಂಬ ಮೇಸ್ತ್ರಿ ಒಂದು ದೊಡ್ಡ ಸಕ್ಕರೆ ಕಂಪನಿಯ ಗದ್ದೆಗೆ ಕೂಲಿಯಾಳುಗಳ ತಂಡವನ್ನು ಕರೆತರುತ್ತಾನೆ. ಕಣ್ಣಲ್ಲಿ ಬೆಳಕಿಲ್ಲದ ಆಳುಗಳು. ಕೂಲಿ ದುಡ್ಡು ಮೇಸ್ತ್ರಿಯ ಜೇಬಿಗೆ. ಅವರಿಗೆ ಸಪ್ಪೆ ಊಟ ಮಾತ್ರ, ಏಕೆಂದರೆ ಜೋಂಬಿಯ ನಾಲಿಗೆಗೆ ಉಪ್ಪು ತಾಗಕೂಡದು. ಒಂದು ಹಬ್ಬದ ದಿನ ಮೇಸ್ತ್ರಿಯ ಹೆಂಡತಿ ಕನಿಕರಪಟ್ಟು ಅವರನ್ನು ಪೇಟೆಗೆ ಕರೆದೊಯ್ದು ಸಿಹಿ ಮಿಠಾಯಿ ಕೊಡಿಸುತ್ತಾಳೆ. ಮಿಠಾಯಿಯೊಳಗಿನ ಬೀಜಕ್ಕೆ ಉಪ್ಪು ಸವರಿರುವುದು ಅವಳಿಗೆ ಗೊತ್ತಿಲ್ಲ. ಉಪ್ಪು ನಾಲಿಗೆಗೆ ತಾಗಿದೊಡನೆ ಅವರಿಗೆ ತಾವು ಯಾರೆಂಬುದು ತಿಳಿಯುತ್ತದೆ. ಒಂದು ಕೂಗು ಹಾಕಿ, ಯಾರು ತಡೆದರೂ ನಿಲ್ಲದೆ, ತಮ್ಮ ಊರಿನ ಕಡೆಗೆ, ತಮ್ಮ ಗೋರಿಗಳ ಕಡೆಗೆ ನಡೆದುಬಿಡುತ್ತಾರೆ.

ತಾನು ಯಾರು, ತನ್ನನ್ನು ಯಾರು ದುಡಿಸುತ್ತಿದ್ದಾರೆ ಎಂಬ ಅರಿವು ಒಂದು ಕಣ ಉಪ್ಪಿನಿಂದ ಹುಟ್ಟುತ್ತದೆ. ಈ ಕಥನ ಪರಂಪರೆಯಲ್ಲಿ ಇದಕ್ಕಿಂತ ದೊಡ್ಡ ಕಲ್ಪನೆ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಆದರೆ ಹಾಲಿವುಡ್ ಉಪ್ಪನ್ನು ಬಿಟ್ಟು ಹೆಣವನ್ನಷ್ಟೇ ಎತ್ತಿಕೊಂಡಿತು.

1932ರ 'ವೈಟ್ ಜೋಂಬಿ' ಚಿತ್ರವನ್ನು ನೋಡಿ. ಬೇಲಾ ಲುಗೋಸಿ ಸಕ್ಕರೆ ಗಿರಣಿಯ ಒಡೆಯ. ಗಿರಣಿಯಲ್ಲಿ ಜೋಂಬಿಗಳು ತಲೆತಗ್ಗಿಸಿ ಗಾಣ ತಿರುಗಿಸುತ್ತಿವೆ. ಒಬ್ಬ ಜಾರಿ ಯಂತ್ರದೊಳಗೆ ಬೀಳುತ್ತಾನೆ. ಮಿಕ್ಕವರು ತಿರುಗಿಯೂ ನೋಡುವುದಿಲ್ಲ, ಗಾಣದ ಕಿರುಗುಟ್ಟುವಿಕೆ ನಿಲ್ಲುವುದಿಲ್ಲ. ಅಷ್ಟು ಹೊತ್ತು ಚಿತ್ರ ಹೈಟಿಯ ಸತ್ಯದ ಹತ್ತಿರವೇ ಇದೆ. ಆಮೇಲೆ ಅದರ ಕಣ್ಣು ಹೋಗುವುದು ಮದುವೆಗೆಂದು ಬಂದ ಮ್ಯಾಡಲಿನ್ ಎಂಬ ಬಿಳಿಯ ಯುವತಿಯ ಮೇಲೆ. ಅವಳನ್ನು ಬಯಸಿದ ಜಮೀನುದಾರ ಮದ್ದು ಹಾಕುತ್ತಾನೆ. ಅವಳು ಜೋಂಬಿಯಾಗಿ ಅವನ ಸೊತ್ತಾಗುತ್ತಾಳೆ. ಕೋಟೆಯ ಹಜಾರದಲ್ಲಿ ಪಿಯಾನೊ ನುಡಿಸುತ್ತಾಳೆ, ಬೆರಳು ತಪ್ಪುವುದಿಲ್ಲ, ಕಣ್ಣಲ್ಲಿ ಯಾರೂ ಇಲ್ಲ. ಬೇಕೆಂದುಕೊಂಡದ್ದು ಕೈಗೆ ಬಂದರೂ ಜಮೀನುದಾರನಿಗೆ ಸುಖವಿಲ್ಲ. ಪೂರ್ಣಾವಧಿಯ ಮೊದಲ ಜೋಂಬಿ ಚಿತ್ರವೆಂದು ಸಾಮಾನ್ಯವಾಗಿ ಹೇಳುವ ಈ ಚಿತ್ರದ ತಿರುಳು ಒಬ್ಬ ಹೆಣ್ಣಿನ ಇಚ್ಛೆಯನ್ನು ಕಿತ್ತುಕೊಂಡ ಕಥೆ. ಅವಳನ್ನು ಬಿಡಿಸುವುದು ಮಾತ್ರ ಗಂಡಸರ ಕೆಲಸ.

1968ರಲ್ಲಿ ಜಾರ್ಜ್ ರೊಮೆರೊ 'ನೈಟ್ ಆಫ್ ದಿ ಲಿವಿಂಗ್ ಡೆಡ್' ತೆಗೆದು ಮಾಂಸ ತಿನ್ನುವ ಹೆಣಗಳನ್ನು ತಂದ. ಇಂದಿನ ಜೋಂಬಿ ಅಲ್ಲಿಂದ ಬಂದದ್ದು. ಕಪ್ಪು ನಟ ಡುವೇನ್ ಜೋನ್ಸ್‌ನನ್ನು ನಾಯಕನನ್ನಾಗಿ ಮಾಡಿ, ಕೊನೆಗೆ ರಕ್ಷಣೆಗೆ ಬಂದವರ ಗುಂಡಿಗೇ ಅವನನ್ನು ಬಲಿಕೊಟ್ಟ ಆ ಚಿತ್ರದ ಧೈರ್ಯ ದೊಡ್ಡದು. ಆದರೆ ಅದರಲ್ಲಿನ ಹೆಣ್ಣುಮಕ್ಕಳ ಪಾಡು ನೋಡಿ. ಹೆಣಗಳಿಗೆ ಹೆದರಿ ಅಡಗಿದ ಮನೆಯಲ್ಲಿ ಬಾರ್ಬರಾ ಆಘಾತದಿಂದ ಮಾತು ಕಳೆದುಕೊಂಡು ಸೋಫಾದ ಮೇಲೆ ಕೂತಿರುತ್ತಾಳೆ. ನೆಲಮಾಳಿಗೆಯಲ್ಲಿ ಮಲಗಿದ ಪುಟ್ಟ ಕ್ಯಾರೆನ್ ಸತ್ತು ಎದ್ದು ಕೈತೋಟದ ಕರಣೆಯಿಂದ ತಾಯಿಯನ್ನು ಚುಚ್ಚಿ ಕೊಲ್ಲುತ್ತಾಳೆ. ಆ ಮನೆಯಲ್ಲಿ ಹೆಣ್ಣು ಒಂದೋ ಮೂಕಿ, ಇಲ್ಲ ರಾಕ್ಷಸಿ. 1990ರ ಮರುಚಿತ್ರಕ್ಕೆ ರೊಮೆರೊನೇ ಚಿತ್ರಕಥೆ ಬರೆದಾಗ ಬಾರ್ಬರಾಳನ್ನು ಎಬ್ಬಿಸಿ ನಿಲ್ಲಿಸಿದ, ಕೈಗೆ ಬಂದೂಕು ಕೊಟ್ಟ. ಅದು ಒಳ್ಳೆಯದೇ. ಆದರೆ ಬಂದೂಕು ಬಂದ ಮಾತ್ರಕ್ಕೆ ಕೆಲಸ ಮುಗಿಯಿತೆಂದುಕೊಂಡವರು ಬಹಳ ಜನ.

ಇದಕ್ಕೂ ಮುಂಚೆ, 1984ರಲ್ಲಿ, 'ನೈಟ್ ಆಫ್ ದಿ ಕಾಮೆಟ್' ಎಂಬ ಸಣ್ಣ ಬಜೆಟ್ಟಿನ ಚಿತ್ರ ಬಂದಿತ್ತು. ಧೂಮಕೇತುವೊಂದು ಹಾದುಹೋದ ಮರುದಿನ ಲಾಸ್ ಏಂಜಲೀಸ್ ಖಾಲಿ. ಉಳಿದವರಲ್ಲಿ ಇಬ್ಬರು ಅಕ್ಕತಂಗಿಯರು, ರೆಜಿನಾ ಮತ್ತು ಸಮಂತಾ. ಅಪ್ಪ ಸೈನಿಕ, ಹಾಗಾಗಿ ಇಬ್ಬರಿಗೂ ಕೋವಿ ಹಿಡಿಯುವುದು ಗೊತ್ತು. ಆದರೆ ಚಿತ್ರದಲ್ಲಿ ಅವರಿಗೆ ನಿಜವಾದ ಅಪಾಯ ಬರುವುದು ಜೋಂಬಿಗಳಿಂದಲ್ಲ, ಬಿಳಿ ಕೋಟಿನ ವಿಜ್ಞಾನಿಗಳಿಂದ. ತಮ್ಮ ಪ್ರಾಣ ಉಳಿಸಿಕೊಳ್ಳಲು ಆರೋಗ್ಯವಂತ ಮಕ್ಕಳ ರಕ್ತ ಹೀರಿ ಮದ್ದು ಮಾಡುವ ಜನ ಅವರು. ಹುಡುಗಿಯ ಮೈ ದೊಡ್ಡವರಿಗೆ ಔಷಧಿಯಾಗುವ ಈ ಎಳೆ ಸುಮಾರು ಮೂವತ್ತು ವರ್ಷದ ಬಳಿಕ ಮತ್ತೆ ಬರುತ್ತದೆ; ಆಗ ಅದನ್ನು ಬಿಡಿಸಿ ನೋಡೋಣ.

ಈಗ ಕಾದಂಬರಿಗಳಿಗೆ ಬರುತ್ತೇನೆ. 2009ರಲ್ಲಿ ಕ್ಯಾರಿ ರಯನ್ ಬರೆದ 'ದಿ ಫಾರೆಸ್ಟ್ ಆಫ್ ಹ್ಯಾಂಡ್ಸ್ ಅಂಡ್ ಟೀತ್' ಕಾದಂಬರಿಯಲ್ಲಿ ಕಾಡಿನ ನಡುವೆ ಬೇಲಿ ಹಾಕಿಕೊಂಡ ಒಂದು ಹಳ್ಳಿ ಇದೆ. ಬೇಲಿಯಾಚೆ ಸತ್ತವರು, ಬೇಲಿಯೊಳಗೆ ಕ್ರೈಸ್ತ ಸನ್ಯಾಸಿನಿಯರಂಥ ಸೋದರಿಯರ ಆಡಳಿತ. ನಾಯಕಿ ಮೇರಿಯ ತಾಯಿ ಬೇಲಿಯ ಬಳಿ ಗಂಡನ ಮುಖ ಹುಡುಕುತ್ತ ನಿಂತು ಕಚ್ಚಿಸಿಕೊಳ್ಳುತ್ತಾಳೆ. ಊರಿನ ಕಟ್ಟಳೆ ಏನೆಂದರೆ, ಮದುವೆಗೆ ಯಾರೂ ಕೇಳದ ಹುಡುಗಿ ಒಡಹುಟ್ಟಿದವನ ಮನೆಯಲ್ಲಿರಬೇಕು, ಅವನು ಬೇಡವೆಂದರೆ ಸೋದರಿಯರ ಮಠ ಸೇರಬೇಕು. ತಾಯಿ ಸತ್ತ ದಿನ ಅಣ್ಣ ಬಾಗಿಲು ಮುಚ್ಚುತ್ತಾನೆ. ಕಡಲು ಎಂಬುದೊಂದಿದೆ ಎಂದು ತಾಯಿ ಹೇಳುತ್ತಿದ್ದ ಕಥೆಗಳಷ್ಟೇ ಮೇರಿಯ ಆಸ್ತಿ. ಹೊರಗಿನಿಂದ ಬಂದ ಗೇಬ್ರಿಯೆಲ್ ಎಂಬ ಹುಡುಗಿಯನ್ನು ಸೋದರಿಯರು ಗುಟ್ಟಾಗಿಟ್ಟಿದ್ದರು. ಅವಳು ಕೆಂಪು ಅಂಗಿಯಲ್ಲಿ ಬೇಲಿಯಾಚೆಯ ಹೆಣಗಳ ನಡುವೆ ಓಡುವುದನ್ನು ಮೇರಿ ಕಂಡಾಗ ಊರನ್ನು ಕಾಯುವವರ ಮೇಲಿನ ನಂಬಿಕೆ ಮುರಿಯುತ್ತದೆ. ಮಧ್ಯದಲ್ಲಿ ಪ್ರೇಮದ ತೊಳಲಾಟಕ್ಕೆ ಈ ಕಾದಂಬರಿ ಹೆಚ್ಚು ಪುಟ ಕೊಟ್ಟಿತು, ಅದೇ ಅದರ ಕೊರತೆ. ಆದರೆ ರಕ್ಷಣೆಯ ಹೆಸರಿನಲ್ಲಿ ಹೆಣ್ಣನ್ನು ಕಟ್ಟಿಹಾಕುವ ಬೇಲಿಯನ್ನು ಅದು ಸರಿಯಾಗಿ ಕಂಡಿದೆ. ಎಲ್ಲರನ್ನೂ ಕಳೆದುಕೊಂಡರೂ ಮೇರಿ ಕಡಲು ಮುಟ್ಟುತ್ತಾಳೆ. ಅಷ್ಟೊಂದು ಬೆಲೆ ತೆತ್ತು ಕಡಲು ನೋಡಬೇಕಿತ್ತೇ ಎಂದು ಕೇಳುವವರಿದ್ದಾರೆ. ಹುಡುಗ ಹೀಗೆ ಮನೆ ಬಿಟ್ಟು ಹೊರಟಿದ್ದರೆ ಯಾರೂ ಆ ಪ್ರಶ್ನೆ ಕೇಳುತ್ತಿರಲಿಲ್ಲ.

ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು 2018ರಲ್ಲಿ ಬಂದ 'ಡ್ರೆಡ್ ನೇಷನ್' ಬಳಿ. ಬರೆದವರು ಜಸ್ಟಿನಾ ಐರ್ಲೆಂಡ್, ಕಪ್ಪು ಅಮೆರಿಕನ್ ಲೇಖಕಿ. ಇತಿಹಾಸದಲ್ಲಿ 1863ರ ಜುಲೈನಲ್ಲಿ ಗೆಟಿಸ್‌ಬರ್ಗ್ ಕದನ ನಡೆಯಿತು, ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೊರಟ ದಕ್ಷಿಣದ ಪಡೆ ಸೋತಿತು. ಐರ್ಲೆಂಡ್ ಅವರ ಕಥೆಯಲ್ಲಿ ಆ ರಣರಂಗದಲ್ಲಿ ಸತ್ತ ಸೈನಿಕರು ಎದ್ದು ನಿಲ್ಲುತ್ತಾರೆ. ಉತ್ತರ ದಕ್ಷಿಣಗಳು ಜಗಳ ಬಿಟ್ಟು ಹೆಣಗಳ ಮೇಲೆ ಯುದ್ಧ ಹೂಡುತ್ತವೆ. ಆ ಯುದ್ಧ ಮಾಡುವವರು ಯಾರು? ಕಪ್ಪು ಮಕ್ಕಳು ಮತ್ತು ಮೂಲನಿವಾಸಿ ಮಕ್ಕಳು. ಅವರನ್ನು ತಾಯಿತಂದೆಯರಿಂದ ಕಿತ್ತು ಕಾದಾಟದ ವಸತಿ ಶಾಲೆಗಳಿಗೆ ಸೇರಿಸಬೇಕೆಂದು ಕಾಯಿದೆಯೇ ಆಗುತ್ತದೆ.

ಕಥೆಯ ನಾಯಕಿ ಜೇನ್ ಮೆಕೀನ್ ಹುಟ್ಟಿದ್ದು ಹೆಣಗಳು ಏಳುವ ಎರಡು ದಿನ ಮೊದಲು. ಅವಳ ತಾಯಿ ಕೆಂಟಕಿಯಲ್ಲಿ ಒಂದು ತೋಟದ ಒಡತಿ. ಮಗಳನ್ನು ಬಾಲ್ಟಿಮೋರಿನ ಮಿಸ್ ಪ್ರೆಸ್ಟನ್ ಶಾಲೆಗೆ ಒಯ್ಯುತ್ತಾರೆ. ಆ ಶಾಲೆಯ ಪಾಠವನ್ನು ಹತ್ತಿರದಿಂದ ನೋಡಿ. ಕುಡುಗೋಲು ಬೀಸುವುದು, ಗುರಿಯಿಟ್ಟು ಗುಂಡು ಹೊಡೆಯುವುದು. ಅದರ ಜೊತೆಗೇ ಸಭ್ಯತೆ, ಊಟದ ಮೇಜಿನ ನಡವಳಿಕೆ. ಕಲಿತು ಹೊರಬಿದ್ದ ಹುಡುಗಿಗೆ 'ಅಟೆಂಡೆಂಟ್' ಎಂಬ ಪದವಿ. ಸಿರಿವಂತ ಬಿಳಿಯ ಹೆಂಗಸಿನ ಹಿಂದೆ ಎರಡು ಹೆಜ್ಜೆ ಅಂತರದಲ್ಲಿ ನಿಂತು, ಒಡತಿಯನ್ನು ಹೆಣದ ಹಲ್ಲಿನಿಂದಲೂ ಪರಪುರುಷನ ಕೈಯಿಂದಲೂ ಕಾಯಬೇಕು. ಒಡತಿಗೆ ಗಾಯವಾಗಬಾರದು, ಅಟೆಂಡೆಂಟ್ ಸತ್ತರೆ ಇನ್ನೊಬ್ಬಳು ಬರುತ್ತಾಳೆ. ಗುಲಾಮಗಿರಿ ಕಾನೂನಿನ ಪುಸ್ತಕದಿಂದ ಹೋಗಿ ಶಾಲೆಯ ಪ್ರಮಾಣಪತ್ರದೊಳಗೆ ಬಂದು ಕೂತಿದೆ.

ಇದನ್ನು ಐರ್ಲೆಂಡ್ ಗಾಳಿಯಲ್ಲಿ ಹುಟ್ಟಿಸಲಿಲ್ಲ. 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ರಿಚರ್ಡ್ ಹೆನ್ರಿ ಪ್ರ್ಯಾಟ್ ಎಂಬ ಸೇನಾಧಿಕಾರಿ ಮೂಲನಿವಾಸಿ ಮಕ್ಕಳಿಗೊಂದು ವಸತಿ ಶಾಲೆ ತೆರೆದ. ಮಕ್ಕಳ ಕೂದಲು ಕತ್ತರಿಸಿದರು, ಹೆಸರು ಬದಲಿಸಿದರು, ತಾಯ್ನುಡಿ ಆಡಿದರೆ ಶಿಕ್ಷೆ ಕೊಟ್ಟರು. ಮರಳಿ ಊರು ಕಾಣದ ಮಕ್ಕಳ ಗೋರಿಗಳು ಆ ಆವರಣದಲ್ಲಿವೆ. ಅದರ ಮಾದರಿಯಲ್ಲೇ ದೇಶದ ಉದ್ದಗಲಕ್ಕೆ ಶಾಲೆಗಳು ಎದ್ದವು. ಕಾದಂಬರಿಯ ಕೊನೆಯ ಟಿಪ್ಪಣಿಯಲ್ಲಿ ಲೇಖಕಿ ಈ ಚರಿತ್ರೆಯನ್ನು ನೆನೆಯುತ್ತಾರೆ. ಕಾಲ್ಪನಿಕ ಭಾಗವೆಂದರೆ ಎದ್ದು ನಿಂತ ಹೆಣಗಳು, ಕಾದಾಟದ ಪಾಠಗಳು. ಮಕ್ಕಳನ್ನು ಕಿತ್ತುಕೊಂಡದ್ದು ನಡೆದದ್ದೇ.

ಜೇನ್ ಒಳ್ಳೆಯ ಹುಡುಗಿಯಲ್ಲ, ಅಂದರೆ ಶಾಲೆ ಬಯಸುವ ಅರ್ಥದಲ್ಲಿ. ಸುಳ್ಳು ಹೇಳುತ್ತಾಳೆ, ರಾತ್ರಿ ಗೋಡೆ ಹಾರುತ್ತಾಳೆ, ಅಧಿಕಾರಸ್ಥರ ಮುಂದೆ ನಾಲಿಗೆ ಕಟ್ಟುವುದು ಅವಳಿಗೆ ಬರುವುದಿಲ್ಲ. ಆದರೆ ಓದುತ್ತಾಳೆ, ಬರೆಯುತ್ತಾಳೆ. ಅಧ್ಯಾಯಗಳ ಆರಂಭದಲ್ಲಿ ತಾಯಿಗೆ ಬರೆದ ಪತ್ರದ ತುಣುಕುಗಳಿವೆ. ಪತ್ರದಲ್ಲಿ ಎಲ್ಲವೂ ಸುಖ, ಕೆಳಗಿನ ಅಧ್ಯಾಯದಲ್ಲಿ ನಡೆಯುವುದು ನರಕ. ದೂರದಲ್ಲಿರುವ ತಾಯಿಗೆ ನೋವಾಗದಿರಲೆಂದು ಮಗಳು ಬರೆಯುವ ಈ ಸುಳ್ಳು ಹಾಸ್ಟೆಲಿನಿಂದ ಮನೆಗೆ ಫೋನು ಮಾಡಿದ ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತಿರುವ ಸುಳ್ಳು.

ಆಮೇಲೆ ಅವಳನ್ನು ಬಾಲ್ಟಿಮೋರಿನ ದೊಡ್ಡವರು ಕಾನ್ಸಾಸ್‌ನ ಸಮ್ಮರ್‌ಲ್ಯಾಂಡ್ ಎಂಬ ಹೊಸ ಊರಿಗೆ ಸಾಗಿಸುತ್ತಾರೆ. ಬಿಳಿಯ ಕುಟುಂಬಗಳಿಗೆ ಗೋಡೆಯೊಳಗೆ ಸುಂದರ ಬದುಕು. ಗೋಡೆಯಾಚೆ ಕಾವಲು ನಿಲ್ಲಲು ಕಪ್ಪು ಜನ, ಅವರಿಗೆ ಸರಿಯಾದ ಆಯುಧವಿಲ್ಲ, ಊಟವಿಲ್ಲ. ಮೇಲಿನವರ ಮಾತು ಕೇಳಿ ಸಾಯುವ ಈ ಕಾವಲುಗಾರರಲ್ಲಿ ಹೈಟಿಯ ಕಬ್ಬಿನ ಗದ್ದೆಯ ಜೋಂಬಿ ಮರಳಿ ಬಂದಿದ್ದಾನೆ. ಜೇನ್ ಹೋರಾಡುವುದು ತನ್ನನ್ನು ಹಾಗೆ ಮಾಡಹೊರಟವರ ಮೇಲೆ. ಬಣ್ಣದಲ್ಲಿ ಬಿಳಿಯಳಂತೆ ಕಾಣುವ ಸಹಪಾಠಿ ಕ್ಯಾಥರಿನ್ ಜೊತೆ ಮೊದಲು ಕಿತ್ತಾಟ, ಆಮೇಲೆ ಪ್ರಾಣಸ್ನೇಹ. ಕಾದಂಬರಿಯ ಅತ್ಯುತ್ತಮ ಪುಟಗಳು ಈ ಇಬ್ಬರ ನಡುವಿನವು. 2020ರಲ್ಲಿ ಬಂದ ಮುಂದಿನ ಭಾಗ 'ಡೆತ್‌ಲೆಸ್ ಡಿವೈಡ್' ಇಬ್ಬರ ದನಿಯಲ್ಲೂ ಕಥೆ ಹೇಳುತ್ತದೆ.

ಇನ್ನು ಎಲ್ಲಿ ಎಂಬ ಹುಡುಗಿ. ವಿದ್ಯಾರ್ಥಿಗಳಲ್ಲಿ ಹಲವರಿಗೆ ಈ ಹೆಸರು ಗೊತ್ತಿರುತ್ತದೆ. 'ದಿ ಲಾಸ್ಟ್ ಆಫ್ ಅಸ್' 2013ರಲ್ಲಿ ಬಂದ ವಿಡಿಯೊ ಗೇಮ್, 2023ರಲ್ಲಿ ಟಿವಿ ಧಾರಾವಾಹಿಯಾಯಿತು. ಇರುವೆಗಳ ಮೈಯೊಳಗೆ ಬೆಳೆದು ಅವುಗಳ ನಡೆಯನ್ನೇ ಆಳುವ ಶಿಲೀಂಧ್ರಗಳು ಉಷ್ಣವಲಯದ ಕಾಡುಗಳಲ್ಲಿ ನಿಜಕ್ಕೂ ಇವೆ. ಸೋಂಕು ತಗಲಿದ ಇರುವೆ ಗಿಡ ಹತ್ತಿ ಎಲೆಯ ನರವನ್ನು ಕಚ್ಚಿ ಹಿಡಿದು ಸಾಯುತ್ತದೆ, ತಲೆಯಿಂದ ಶಿಲೀಂಧ್ರದ ಕಾಂಡ ಮೂಡುತ್ತದೆ. ಅದು ಮನುಷ್ಯರಿಗೆ ತಗಲಿದರೆ ಎಂಬುದು ಕಥೆಯ ಊಹೆ. ಹದಿನಾಲ್ಕು ವರ್ಷದ ಎಲ್ಲಿಗೆ ಸೋಂಕು ತಾಗಿದರೂ ಏರುವುದಿಲ್ಲ. ಮಗಳನ್ನು ಕಳೆದುಕೊಂಡ ಜೋಯಲ್ ಅವಳನ್ನು ದೇಶದ ಉದ್ದಕ್ಕೂ ಕರೆದೊಯ್ದು ಸಾಲ್ಟ್ ಲೇಕ್ ಸಿಟಿಯ ಆಸ್ಪತ್ರೆ ಮುಟ್ಟಿಸುತ್ತಾನೆ. ಅವಳ ಮಿದುಳಿನಿಂದ ಶಿಲೀಂಧ್ರ ತೆಗೆದರೆ ಲಸಿಕೆ ಮಾಡಬಹುದು, ಆದರೆ ಅವಳು ಸಾಯುತ್ತಾಳೆ. ಎಲ್ಲಿ ಪ್ರಜ್ಞೆ ಇಲ್ಲದೆ ಮೇಜಿನ ಮೇಲಿದ್ದಾಳೆ. ವೈದ್ಯರು ಅವಳನ್ನು ಎಬ್ಬಿಸಿ ಕೇಳುವುದಿಲ್ಲ. ಜೋಯಲ್ ವೈದ್ಯನನ್ನು ಕೊಂದು ಅವಳನ್ನು ಹೊತ್ತೊಯ್ಯುತ್ತಾನೆ, ಅವನೂ ಕೇಳುವುದಿಲ್ಲ. ಆಮೇಲೆ ನಡೆದದ್ದನ್ನು ಮುಚ್ಚಿಟ್ಟು ಸುಳ್ಳು ಹೇಳುತ್ತಾನೆ.

ಜೋಯಲ್ ಮಾಡಿದ್ದು ಸರಿಯೋ ತಪ್ಪೋ ಎಂದು ಜಗತ್ತಿನಾದ್ಯಂತ ವಾದ ನಡೆದಿದೆ. ಒಂದು ಮಗುವನ್ನು ಕೊಂದು ಲೋಕ ಉಳಿಸಬೇಕೇ? ತಂದೆಯ ಪ್ರೀತಿ ದೊಡ್ಡದೋ ಮನುಕುಲ ದೊಡ್ಡದೋ? ನನ್ನ ದೃಷ್ಟಿಯಲ್ಲಿ ಈ ವಾದಗಳೆಲ್ಲ ಎಲ್ಲಿಯನ್ನು ಆ ಮೇಜಿನ ಮೇಲೆಯೇ ಮಲಗಿಸಿ ನಡೆದವು. ಎರಡೂ ಪಕ್ಷದವರು ಅವಳನ್ನು ಪ್ರೀತಿಸಿದವರೇ, ಇಬ್ಬರೂ ಅವಳ ಮೈಯ ಮೇಲಿನ ತೀರ್ಮಾನವನ್ನು ತಾವೇ ತೆಗೆದುಕೊಂಡರು. 2020ರಲ್ಲಿ ಬಂದ ಗೇಮ್‌ನ ಎರಡನೆಯ ಭಾಗದಲ್ಲಿ ಹತ್ತೊಂಬತ್ತರ ಎಲ್ಲಿಯ ಸಿಟ್ಟು ಸ್ಫೋಟಿಸುವುದು ಈ ಕಾರಣಕ್ಕೇ. ನನ್ನ ಬದುಕಿಗೊಂದು ಅರ್ಥವಿರುತ್ತಿತ್ತು, ಅದನ್ನು ನೀನು ಕಿತ್ತುಕೊಂಡೆ ಎಂಬ ಧಾಟಿ ಅವಳದು. ಸಾಯಲು ಒಪ್ಪುತ್ತಿದ್ದಳೋ ಇಲ್ಲವೋ, ಹೇಳಬೇಕಾದವಳು ಅವಳು. ಪ್ರೀತಿಯಿಂದಲೂ ಮನುಷ್ಯರನ್ನು ಜೋಂಬಿ ಮಾಡಬಹುದು ಎಂದು ಈ ಕಥೆ ತೋರಿಸಿದಷ್ಟು ನಿಚ್ಚಳವಾಗಿ ಬೇರೆ ಯಾವುದೂ ತೋರಿಸಿಲ್ಲ.

ನಮ್ಮ ಕಾಲೇಜುಗಳ ಹುಡುಗಿಯರು ಫೋನಿನಲ್ಲಿ ನೋಡಿರಬಹುದಾದ ಕೊರಿಯಾದ 'ಆಲ್ ಆಫ್ ಅಸ್ ಆರ್ ಡೆಡ್' ಧಾರಾವಾಹಿ 2022ರದು. ಒಂದು ಪ್ರೌಢಶಾಲೆಯೊಳಗೆ ಸೋಂಕು ಹಬ್ಬುತ್ತದೆ, ಮಕ್ಕಳು ಸಿಕ್ಕಿಬೀಳುತ್ತಾರೆ, ಆಡಳಿತದಿಂದ ನೆರವು ಬರುವುದಿಲ್ಲ. ಧ್ವನಿವರ್ಧಕದ ಕೋಣೆಯಲ್ಲಿ ಅಡಗಿದ ಮಕ್ಕಳು ಕ್ಯಾಮೆರಾ ಮುಂದೆ ಕೂತು ತಾಯಿತಂದೆಯರಿಗೆ ಕಡೆಯ ಮಾತು ಹೇಳುವ ದೃಶ್ಯವೊಂದಿದೆ. ಕೊರಿಯಾದವರಿಗೆ ಅದು ಬರೀ ಕಥೆಯಾಗಿರಲು ಸಾಧ್ಯವಿಲ್ಲ. 2014ರ ಏಪ್ರಿಲ್ 16ರಂದು ಸೆವೋಲ್ ಹಡಗು ಮುಳುಗಿ 304 ಜನ ಸತ್ತರು. ಅವರಲ್ಲಿ 250 ಮಂದಿ ಪ್ರವಾಸ ಹೊರಟಿದ್ದ ಒಂದೇ ಪ್ರೌಢಶಾಲೆಯ ವಿದ್ಯಾರ್ಥಿಗಳು. ಇದ್ದಲ್ಲೇ ಇರಿ ಎಂದು ಹಡಗಿನ ಧ್ವನಿವರ್ಧಕ ಹೇಳಿತ್ತು. ಮಕ್ಕಳು ಹಾಗೇ ಇದ್ದರು. ಹೇಳಿದ್ದನ್ನು ಕೇಳಿದ ಮಕ್ಕಳು ಸತ್ತರು. ಆ ದೇಶದ ಜೋಂಬಿ ಕಥೆಯಲ್ಲಿ ತರಗತಿಯ ನಾಯಕಿ ನಮ್ರಾ ಕಚ್ಚಿಸಿಕೊಂಡು ಅರ್ಧ ಜೋಂಬಿಯಾಗುತ್ತಾಳೆ. ಹಸಿವು ಮೈಯೊಳಗೆ ಏಳುತ್ತಿದ್ದರೂ ಗೆಳೆಯರನ್ನು ಕಚ್ಚದೆ ಹಿಡಿದು ನಿಲ್ಲುತ್ತಾಳೆ. ನಾಲಿಗೆಗೆ ಉಪ್ಪು ತಾಗಿದ ಜೋಂಬಿ ಎಂದರೆ ಅವಳೇ.

ಗಟ್ಟಿ ನಾಯಕಿ ಎಂಬ ಮಾತನ್ನು ಮಾರುಕಟ್ಟೆ ಸವಕಲು ಮಾಡಿದೆ. ಚರ್ಮದ ಜಾಕೆಟ್ಟು, ಎರಡು ಕೈಯಲ್ಲಿ ಎರಡು ಪಿಸ್ತೂಲು, ಮುಖದ ಮೇಲೆ ಒಂದು ಗೀರು ಹಾಕಿದರೆ ಗಟ್ಟಿ ನಾಯಕಿ ಸಿದ್ಧ ಎಂದು ಪೋಸ್ಟರ್ ಬರೆಯುವವರು ತಿಳಿದಿದ್ದಾರೆ. ಅಂಥವಳು ಇನ್ನೊಬ್ಬರು ತೋರಿಸಿದ ಕಡೆ ಗುಂಡು ಹೊಡೆಯುತ್ತಾಳೆ. ಮಿಸ್ ಪ್ರೆಸ್ಟನ್ ಶಾಲೆಗೆ ಬೇಕಾದದ್ದೂ ಅಂಥ ಹುಡುಗಿಯೇ. ಮೇರಿ, ಜೇನ್, ಎಲ್ಲಿ, ನಮ್ರಾ ಇವರ ಗಟ್ಟಿತನ ಬೇರೆ ಕಡೆ ಇದೆ. ಬೇಲಿ ಹಾಕಿದವರು ಯಾರು, ಇದರಿಂದ ಯಾರಿಗೆ ಲಾಭ, ನನ್ನನ್ನು ಯಾಕೆ ಕೇಳಲಿಲ್ಲ ಎಂದು ಅವರು ಕೇಳುತ್ತಾರೆ. ಹದಿಹರೆಯದ ಹುಡುಗಿಗೆ ಈ ಪ್ರಶ್ನೆಗಳು ಸಹಜವಾಗಿ ಬರುತ್ತವೆ. ಅವಳು ಏನು ಉಡಬೇಕು, ಎಷ್ಟು ಹೊತ್ತಿಗೆ ಮನೆಗೆ ಬರಬೇಕು, ಮುಂದೆ ಓದಬೇಕೋ ಬೇಡವೋ, ಯಾರ ಕೈಹಿಡಿಯಬೇಕು ಎಂಬುದನ್ನು ಮನೆ, ಊರು, ಜಾತಿ ಎಲ್ಲವೂ ಒಟ್ಟಿಗೆ ಕೂತು ತೀರ್ಮಾನಿಸುವ ವಯಸ್ಸು ಅದು. ಹೈಟಿಯ ಹಳೆಯ ಕಥೆ ಕೊನೆಗೂ ತನ್ನ ನಾಯಕಿಯನ್ನು ಕಂಡುಕೊಂಡದ್ದು ಅವಳಲ್ಲಿ, ಅದು ಆಕಸ್ಮಿಕವಲ್ಲ.

ಪದವಿಪೂರ್ವ ಕಾಲೇಜುಗಳ ಗ್ರಂಥಪಾಲಕರಲ್ಲಿ, ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ಹೆಣದ ಚಿತ್ರವಿದೆ ಎಂದು ಈ ಪುಸ್ತಕಗಳನ್ನು ಪಕ್ಕಕ್ಕೆ ತಳ್ಳಬೇಡಿ. 'ಡ್ರೆಡ್ ನೇಷನ್' ಒಂದು ಪ್ರತಿಯಾದರೂ ನಿಮ್ಮ ಕಪಾಟಿನಲ್ಲಿರಲಿ. ಕನ್ನಡದಲ್ಲಿ ಹದಿಹರೆಯದವರಿಗೆಂದೇ ಬರೆಯುವವರು ಇನ್ನೂ ಕಡಿಮೆ. ಬರೆಯುವ ಶಕ್ತಿ ಇರುವವರು ಆ ವಯಸ್ಸಿನ ಹುಡುಗಿಯನ್ನು ನಾಯಕಿಯಾಗಿಸಿ, ಅವಳಿಗೆ ಕತ್ತಿಗಿಂತ ಮೊದಲು ಪ್ರಶ್ನೆಯನ್ನು ಕೊಟ್ಟು ಬರೆಯಿರಿ. ತಾಯಿತಂದೆಯರೆ, ನಿಮ್ಮ ಮಗಳು ಇಂಥ ಕಥೆ ಓದಿ ಬಂದು 'ನನ್ನನ್ನು ಯಾಕೆ ಕೇಳಲಿಲ್ಲ?' ಎಂದರೆ ದಯವಿಟ್ಟು ಕುಳಿತು ಉತ್ತರ ಕೊಡಿ.